ಕಂಡಿತಾ ಎಂದು ಕೇಳುವ ಊರು

ನಮ್ಮ ಊರಿಗೆ ಬಂದ ನೆಂಟರು ಊರನ್ನು ಪೂರ್ತಿ ನೋಡದೆ ವಾಪಸ್ಸು ಹೋಗುವ ಹಾಗಿಲ್ಲ. ಹೋಗಬಾರದು ಎಂದು ಯಾರೂ ಹೇಳಿದ್ದಲ್ಲ, ಹೋಗಲಿಕ್ಕೆ ಆಗುವುದಿಲ್ಲ, ಅಷ್ಟೆ. ಒಂದೇ ಒಂದು ಜಾಗ ಬಾಕಿ ಉಳಿದಿದ್ದರೂ ಅವರು ಕೂತ ಬಸ್ಸು ಸ್ಟಾರ್ಟ್ ಆಗುವುದಿಲ್ಲ. ಕಾರಿನಲ್ಲಿ ಬಂದವರ ಕಾರು ಸೇತುವೆಯ ಹತ್ತಿರ ಕೆಮ್ಮಿ ನಿಲ್ಲುತ್ತದೆ. ನಡೆದೇ ಹೋಗುತ್ತೇನೆ ಎಂದು ಜಂಬ ಕೊಚ್ಚಿದ ಬೀಗರೊಬ್ಬರು ಸೇತುವೆಯ ಅರ್ಧದಿಂದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ತಿರುಗಿ ಬಂದದ್ದನ್ನು ನಾನೇ ನೋಡಿದ್ದೇನೆ. ಏನಾಯಿತು ಎಂದು ಕೇಳಿದರೆ "ಒಂದು ಲೋಟ ನೀರು ಕೊಡಿ" ಎಂದರು. 

ಯಾಕೆ ಹೀಗೆ ಎಂದು ತಲೆ ಕೆಡಿಸಿಕೊಳ್ಳುವ ವಯಸ್ಸು ನಮ್ಮಲ್ಲಿ ಯಾರಿಗೂ ಉಳಿದಿಲ್ಲ. ಅದಕ್ಕೆ ತಕ್ಕ ಹಾಗೆ ಬದುಕುವುದನ್ನು ಕಲಿತಿದ್ದೇವೆ. ಮದುವೆಯ ದಿಬ್ಬಣ ಬಂದರೆ ಊಟಕ್ಕಿಂತ ಮೊದಲು ಅವರನ್ನು ಕಡಲದಂಡೆಯ ದೀಪಸ್ತಂಭದ ಮೆಟ್ಟಿಲು ಹತ್ತಿಸಿ ಇಳಿಸುತ್ತೇವೆ. ಔಷಧ ಮಾರುವ ಏಜೆಂಟರು ಬಸ್ಸಿನಿಂದ ಇಳಿಯುವುದೇ ಇಲ್ಲ. ಕಿಟಕಿಯಿಂದಲೇ ಚೀಲ ಕೊಟ್ಟು, ಕಿಟಕಿಯಿಂದಲೇ ಆರ್ಡರು ತೆಗೆದುಕೊಂಡು, ಅದೇ ಬಸ್ಸಿನಲ್ಲಿ ಹಿಂದೆ ಹೋಗುತ್ತಾರೆ. ಪುರಸಭೆಯವರು ಹೊಸದಾಗಿ ಏನಾದರೂ ಕಟ್ಟಿದರೆ ನಮಗೆ ಹೊಟ್ಟೆ ಉರಿಯುತ್ತದೆ. ಬಸ್‌ಸ್ಟ್ಯಾಂಡಿನ ಹಿಂದೆ ಶೌಚಾಲಯ ಕಟ್ಟಿಸಿ ರಿಬ್ಬನ್ ಕತ್ತರಿಸಿದ ದಿನ, ಎಲ್ಲ ನೋಡಿ ಮುಗಿಸಿ ಬಸ್ಸು ಹತ್ತಿದ್ದ ನೆಂಟರನ್ನೆಲ್ಲ ಇಳಿಸಿ, ಸಾಲಾಗಿ ಕರೆದುಕೊಂಡು ಹೋಗಿ ಅದನ್ನೂ ತೋರಿಸಬೇಕಾಯಿತು.

ದುಡಿಯುವವರಿಗೆ ಈ ಕೆಲಸಕ್ಕೆಲ್ಲಿ ಪುರುಸೊತ್ತು? ಹಾಗಾಗಿ ನೆಂಟರನ್ನು ಸುತ್ತಾಡಿಸುವುದು ನಮ್ಮಂಥ ನಿವೃತ್ತರ ಪಾಲಿಗೆ ಬಂದಿದೆ. ನಾನು ವಾರಿಜ, ಬಾಲವಾಡಿಯಲ್ಲಿ ಟೀಚರಾಗಿದ್ದವಳು. ನಮ್ಮವರ ಹೆಸರು ದೂಮಪ್ಪ, ಊರಿಗೆಲ್ಲ ದೂಮಣ್ಣ. ಐಸ್ ಫ್ಯಾಕ್ಟರಿಯಲ್ಲಿ ಮೇಸ್ತ್ರಿಯಾಗಿದ್ದಾಗ ಇವರನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ, ನಾನೂ ಇಟ್ಟಿರಲಿಲ್ಲ. ನಿವೃತ್ತರಾದ ಮೇಲೆ ಊರು ತೋರಿಸುವುದರಲ್ಲಿ ಇವರನ್ನು ಮೀರಿಸುವವರಿಲ್ಲ ಎಂದಾಯಿತು. ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ಪ್ರತಿ ಜಾಗದಲ್ಲೂ ಆ ಕೊಡೆಯ ತುದಿಯಿಂದ ತೋರಿಸಿ, ಕತೆ ಹೇಳಿ, ಕಡೆಗೆ ನೆಂಟರ ಮುಖ ನೋಡಿ "ಕಂಡಿತಾ?" ಎಂದು ಕೇಳುತ್ತಾರೆ. ನೆಂಟರು "ಕಂಡಿತು" ಎನ್ನಬೇಕು. ಇದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ದೂಮಣ್ಣ ತೋರಿಸಿದ ನೆಂಟರ ಬಸ್ಸು ನಿಂತ ಉದಾಹರಣೆಯೇ ಇಲ್ಲ ಎನ್ನುವುದು ಇವರ ಹೆಮ್ಮೆ. ಆ ಮಾತನ್ನು ಇವರು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ನಾನು ಹಣೆ ಮುಟ್ಟಿ ಜ್ವರ ಉಂಟಾ ಎಂದು ನೋಡುತ್ತಿದ್ದೆ.

ಹೀಗಿರುವಾಗ ನನ್ನ ತಂಗಿ ಕುಸುಮ ಬಂದಳು. ಅವಳು ಘಟ್ಟದ ಮೇಲೆ ಹುಡುಗಿಯರ ಹಾಸ್ಟೆಲೊಂದರಲ್ಲಿ ಅಡುಗೆಯವಳಾಗಿದ್ದಳು. ಗಂಡ ತೀರಿಕೊಂಡಾಗ ಮಗನಿನ್ನೂ ನಡೆಯುತ್ತಿರಲಿಲ್ಲ. ಅಂದಿನಿಂದ ದುಡಿದು ಈ ವರ್ಷವಷ್ಟೇ ನಿವೃತ್ತಳಾದಳು. ಅಷ್ಟು ವರ್ಷ ನಮ್ಮ ಮನೆಗೆ ಅವಳು ಬಂದೇ ಇರಲಿಲ್ಲ. ಬಂದರೆ ಎಲ್ಲ ನೋಡಿಯೇ ಹೋಗಬೇಕು, ಅಷ್ಟು ರಜೆ ಅವಳಿಗೆ ಸಿಗುತ್ತಿರಲಿಲ್ಲ. ಈ ಸಲ ಮಗ ಯೋಗೀಶ, ಸೊಸೆ ಚೈತ್ರ, ಮೊಮ್ಮಗಳು ಇಂಚರ ಎಲ್ಲರೂ ಒಟ್ಟಿಗೆ ಬಂದರು. ಯೋಗೀಶ ಬಣ್ಣದ ಅಂಗಡಿ ಇಟ್ಟಿದ್ದಾನೆ, ಗಂಡ ಹೆಂಡತಿ ಇಬ್ಬರೂ ಅದರಲ್ಲೇ ದುಡಿಯುತ್ತಾರೆ. ಚೈತ್ರ ಮತ್ತೆ ಬಸುರಿ. ಕುಸುಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಹೆಚ್ಚು ದಿನವಾಗಿರಲಿಲ್ಲ. ಅರ್ಧ ಮುಖ ಮುಚ್ಚುವ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಿಂದ ಇಳಿದವಳನ್ನು ನೋಡಿ ನನಗೆ ನಗು ಬಂತು, ಅಳುವೂ ಬಂತು.

ಯೋಗೀಶ ಒಳ್ಳೆಯ ಹುಡುಗ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಂದ ದಿನವೇ ಮೊಬೈಲಿನಲ್ಲಿ ಒಂದು ಕೋಣೆಯ ಫೋಟೋ ತೋರಿಸಿದ. ತಿಳಿ ಗುಲಾಬಿ ಗೋಡೆ, ಎರಡು ಮಂಚ, ಮೂಲೆಯಲ್ಲಿ ತೊಟ್ಟಿಲು ತೂಗಿಹಾಕಲು ಕೊಕ್ಕೆ.

"ನಾನೇ ಕೂತು ಬಣ್ಣ ಹೊಡೆದಿದ್ದು ದೊಡ್ಡಮ್ಮ. ಅಮ್ಮನ ರೂಮು. ಇನ್ನು ಅಮ್ಮ ಆರಾಮಾಗಿ ನಮ್ಮನೇಲೇ ಇರ್ತಾರೆ. ಇಂಚರಾ, ಬರೋ ಪಾಪು, ಇಬ್ಬರ ಜೊತೆ ಟೈಮ್ ಹೋಗೋದೇ ಗೊತ್ತಾಗಲ್ಲ."

ಕಪ್ಪು ಕನ್ನಡಕದ ಹಿಂದೆ ಕುಸುಮನ ಕಣ್ಣು ಎತ್ತ ತಿರುಗಿದೆ ಎಂದು ಗೊತ್ತಾಗಲಿಲ್ಲ.

ಮರುದಿನದಿಂದ ನಮ್ಮವರ ತಿರುಗಾಟ ಶುರು. ಬೆಳಿಗ್ಗೆ ಬಂದರಿನಲ್ಲಿ ಕೂಗಿ ಕೂಗಿ ಮೀನು ಹರಾಜು ಹಾಕುವ ಏಲಂ. ಚೈತ್ರ ಮೂಗಿಗೆ ಸೆರಗು ಹಿಡಿದುಕೊಂಡಳು, ಇಂಚರ ಬುಟ್ಟಿಯಲ್ಲಿದ್ದ ಬಂಗುಡೆಗಳನ್ನು ನೋಡಿ "ಎಲ್ಲಾ ಮಲಗಿದಾವಾ?" ಎಂದಳು. ಆಮೇಲೆ ದೋಣಿ ಕಟ್ಟುವ ಶೆಡ್ಡು, ಹಂಚಿನ ಕಾರ್ಖಾನೆಯ ಚಿಮಣಿ, ಮರಳಿನ ನಡುವೆ ಇದ್ದೂ ಸಿಹಿ ನೀರು ಕೊಡುವ ಬಾವಿ. ನದಿ ಸಮುದ್ರ ಸೇರುವ ಅಳಿವೆ. ಕುಸುಮ ಮಕ್ಕಳಿಗಿಂತ ಹೆಚ್ಚು ಕುಣಿದಳು. ದೋಣಿಯ ಹಲಗೆ ಸವರಿದಳು, ಬಾವಿಗೆ ಇಣುಕಿ ಕೂಗು ಹಾಕಿದಳು, ದೀಪಸ್ತಂಭದ ಮೆಟ್ಟಿಲನ್ನು ನನ್ನನ್ನು ಹಿಂದೆ ಹಾಕಿ ಹತ್ತಿದಳು. ಆದರೆ ಎಲ್ಲೇ ಹೋಗಲಿ, ಅರ್ಧ ನೋಡುವಾಗ ಹಿಂದಿನಿಂದ ಕರೆ ಬರುತ್ತಿತ್ತು. "ಅಮ್ಮ, ಇಂಚರಂಗೆ ನೀರು ಕೊಡು." "ಅತ್ತೆ, ಅವಳ ಟೋಪಿ ನಿಮ್ಮ ಬ್ಯಾಗಲ್ಲಿದೆಯಾ?" "ಅಮ್ಮ, ಒಂದ್ನಿಮಿಷ ಇವಳನ್ನು ಎತ್ಕೋ." ಪ್ರತಿ ಸಲವೂ ಕುಸುಮ "ಬಂದೆ" ಎನ್ನುವಳು. ಕರೆದವರ ಮಾತು ಮುಗಿಯುವ ಮೊದಲೇ ಅವಳ ಬಾಯಿಂದ ಆ ಮಾತು ಬಂದಾಗಿರುತ್ತಿತ್ತು.

ಕೊನೆಗೆ ಉಪ್ಪಿನ ಗದ್ದೆ. ಚೌಕ ಚೌಕವಾಗಿ ನೀರು ಕಟ್ಟಿ ಉಪ್ಪು ಒಣಗಿಸುವ ಜಾಗ, ಬದುಗಳ ಮೇಲೆ ಬಿಳಿ ಗುಡ್ಡೆಗಳು. ಬಿಸಿಲಿಗೆ ಅಲ್ಲಿ ಕಣ್ಣು ಬಿಡುವುದೇ ಕಷ್ಟ. ನಮ್ಮವರು ಕೊಡೆ ಎತ್ತಿ ಇಡೀ ಕತೆ ಹೇಳಿ, ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ "ಕಂಡಿತು" ಎಂದರು. ಕುಸುಮ ಎಲ್ಲರಿಗಿಂತ ಜೋರಾಗಿ ಎಂದಳು.

ಮಾರನೇ ದಿನ ಬೆಳಗಿನ ಬಸ್ಸಿಗೆ ಅವರನ್ನು ಹತ್ತಿಸಲು ಹೋದೆವು. ಡ್ರೈವರ್ ಲಿಗೋರಿ ನಮ್ಮವರನ್ನು ಕಂಡವನೇ "ದೂಮಣ್ಣನ ನೆಂಟರಾ? ಹಾಗಾದ್ರೆ ಚಿಂತೆ ಇಲ್ಲ" ಎಂದು ಕೀಲಿ ತಿರುಗಿಸಿದ. ಎಂಜಿನ್ ಗರ್ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ, ಮತ್ತೂ ಹಾಗೆಯೇ. ಲಿಗೋರಿ ನಮ್ಮವರ ಮುಖ ನೋಡಲಿಲ್ಲ, ಸ್ಟೇರಿಂಗಿನ ಕಡೆ ನೋಡಿಕೊಂಡೇ "ಯಾರೋ ಒಬ್ರು ಬಾಕಿ ಇದ್ದಾರೆ ಅಂತ ಕಾಣ್ತದೆ" ಎಂದ.

ಇಂಥ ಸಂದರ್ಭದಲ್ಲಿ ನೆಂಟರನ್ನು ಒಬ್ಬೊಬ್ಬರಾಗಿ ಇಳಿಸಿ ನೋಡುವುದು ಕ್ರಮ. ಯೋಗೀಶ ಇಳಿದ, ಆಗಲಿಲ್ಲ. ಚೈತ್ರ ಇಳಿದಳು, ಇಂಚರ ಇಳಿದಳು, ಆಗಲಿಲ್ಲ. ಕುಸುಮ ಇಳಿದದ್ದೇ ಬಸ್ಸು ಬೆಣ್ಣೆಯ ಹಾಗೆ ಸ್ಟಾರ್ಟ್ ಆಯಿತು. ಬೇರೆ ಪ್ರಯಾಣಿಕರು ಕಿಟಕಿಯಿಂದ ಇಣುಕಿ ನೋಡಿದರು. ನಮ್ಮವರ ಕೊಡೆ ಕಂಕುಳಿಂದ ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲೂ ಮರೆತರು.

ಯೋಗೀಶ ಅಮ್ಮನನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. ಅಂಗಡಿಗೆ ಫೋನು ಮಾಡಿ ಇನ್ನೊಂದು ದಿನ ಎಂದ. ನಮ್ಮವರು ಕುಸುಮನನ್ನು ಮೊದಲಿನಿಂದ ಎಲ್ಲ ಕಡೆ ಸುತ್ತಿಸಿದರು. ಏಲಂ, ಶೆಡ್ಡು, ಚಿಮಣಿ, ಬಾವಿ, ಅಳಿವೆ, ದೀಪಸ್ತಂಭ, ಉಪ್ಪಿನ ಗದ್ದೆ, ಶೌಚಾಲಯ. ಎಲ್ಲ ಕಡೆ "ಕಂಡಿತಾ?", ಎಲ್ಲ ಕಡೆ "ಕಂಡಿತು ಭಾವ". ಮರುದಿನ ಬಸ್ಸು ಮತ್ತೆ ನಿಂತಿತು.

ಆವತ್ತಿನಿಂದ ನಮ್ಮವರು ಮನುಷ್ಯರಾಗಿ ಉಳಿಯಲಿಲ್ಲ. ಊಟದ ನಡುವೆ ಕೈ ನಿಲ್ಲಿಸಿ "ವಾರಿಜಾ, ಎಂತ ಬಿಟ್ಟುಹೋಯ್ತು ಮಾರಾಯ್ತಿ?" ಎಂದು ಕೇಳುವರು. ತಮಗೆ ಮರೆವು ಶುರುವಾಗಿದೆ, ಊರಿನ ಯಾವುದೋ ಒಂದು ಜಾಗ ತಲೆಯಿಂದ ಅಳಿಸಿಹೋಗಿದೆ ಎಂದು ಅವರಿಗೆ ಖಾತ್ರಿಯಾಗಿಬಿಟ್ಟಿತು. ಕುಸುಮನನ್ನು ಕರೆದುಕೊಂಡು ಹೋಗಿ ನೀರಿನ ಟಾಂಕಿಯ ಹಿಂಬದಿ ತೋರಿಸಿದರು. ಮುರಿದುಬಿದ್ದ ಹಳೆ ತಕ್ಕಡಿಯ ಕಂಬ, ಮೀನು ಮಾರ್ಕೆಟಿನ ಚರಂಡಿ ಸಮುದ್ರಕ್ಕೆ ಸೇರುವ ಬಾಯಿ, ತಾವು ಕೆಲಸ ಮಾಡಿದ ಐಸ್ ಫ್ಯಾಕ್ಟರಿಯಲ್ಲಿ ತಾವು ಕೂರುತ್ತಿದ್ದ ಕಬ್ಬಿಣದ ಸ್ಟೂಲು, ಎಲ್ಲ ತೋರಿಸಿದರು. ಚರಂಡಿಯ ಬಾಯಲ್ಲಿ ನಿಂತು ಗಂಭೀರವಾಗಿ "ಕಂಡಿತಾ?" ಎಂದು ಕೇಳುವ ಗಂಡನನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ನನಗೆ ಬರಲಿಲ್ಲ. ಓರಗೆಯವರು ಕಟ್ಟೆಯಲ್ಲಿ ಸೇರಿದಾಗ ಇವರು ಮೊದಲಿನ ಹಾಗೆ ಹೋಗಿ ಕೂರುವುದನ್ನೂ ಬಿಟ್ಟರು.

ಮೂರನೆಯ ಸಲ ಉಪ್ಪಿನ ಗದ್ದೆಗೆ ಹೋದಾಗ ನಾನೂ ಜೊತೆಗಿದ್ದೆ. ಬದುವಿನ ಮೇಲೆ ನಮ್ಮವರು ಮುಂದೆ, ಅವರ ಹಿಂದೆ ಕುಸುಮ, ಅವಳ ಸೆರಗು ಹಿಡಿದು ಇಂಚರ, ಕಡೆಗೆ ನಾನು. "ಅಜ್ಜಿ, ನೋಡು, ಸಕ್ಕರೆ ಬೆಟ್ಟ!" ಎಂದು ಮಗು ಕೂಗಿತು. ಕುಸುಮ "ಹೌದು ಪುಟ್ಟಿ, ಎಷ್ಟು ದೊಡ್ಡದು" ಎಂದಳು. ಹಾಗೆ ಹೇಳಿದವಳು ಬೆಟ್ಟದ ಕಡೆ ಅಲ್ಲ, ಎದುರು ದಿಕ್ಕಿಗೆ ಮುಖ ಮಾಡಿದ್ದಳು. ಅಲ್ಲಿ ಬದು ಎಡಕ್ಕೆ ತಿರುಗುತ್ತದೆ. ಕುಸುಮ ತಿರುಗಲಿಲ್ಲ. ನೇರವಾಗಿ ನಡೆದು ಮೊಣಕಾಲಿನವರೆಗೆ ಉಪ್ಪು ನೀರಿಗೆ ಇಳಿದುಬಿಟ್ಟಳು. ಹಿಡಿಯಲು ಹೋದ ನನ್ನ ಕೈ ತಾಗಿ ಅವಳ ಕನ್ನಡಕ ಬಿತ್ತು. ಔಷಧ ಕುಡಿಯಲೊಲ್ಲದ ಮಗು ಮುಚ್ಚಿಕೊಳ್ಳುವ ಹಾಗೆ ಎರಡೂ ಕಣ್ಣನ್ನು ಅವಳು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

ಬಾಲವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು ನಾನು. ಯಾವ ಮಗು ನಿದ್ದೆ ಮಾಡುತ್ತಿದೆ, ಯಾವುದು ನಿದ್ದೆಯ ಸೋಗು ಹಾಕುತ್ತಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕನ್ನಡಕ ಎತ್ತಿ ಒರೆಸಿ ಅವಳ ಮೂಗಿನ ಮೇಲೆ ಏರಿಸಿದೆ. ನಮ್ಮವರು ಹಿಂದೆ ತಿರುಗಿ "ಎಂತ ಆಯ್ತು?" ಎಂದರು. "ಕಾಲು ಜಾರಿತು" ಎಂದೆ.

ಮನೆಗೆ ಬಂದು, ಎಲ್ಲರೂ ಜಗಲಿಯಲ್ಲಿದ್ದಾಗ, ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಮೀನು ಹೆಚ್ಚುವ ಕಲ್ಲಿನ ಹತ್ತಿರ ಕೂರಿಸಿ, ಕೈಗೊಂದು ಬಂಗುಡೆ ಕೊಟ್ಟು, ನಾನೊಂದು ತೆಗೆದುಕೊಂಡೆ. ನಮ್ಮಿಬ್ಬರಿಗೂ ಕೈಗೆ ಕೆಲಸವಿಲ್ಲದಿದ್ದರೆ ಮಾತು ಬರುವುದಿಲ್ಲ.

"ಎಷ್ಟು ದಿನದಿಂದ ಈ ನಾಟಕ?" ಎಂದೆ.

"ಉಪ್ಪಿನ ಗದ್ದೆಗೆ ಮೊದಲ ಸಲ ಹೋದಾಗಿಂದ. ಉಳಿದದ್ದೆಲ್ಲ ನೋಡಿದ್ದೇನೆ ಅಕ್ಕ, ಕಣ್ಣು ತುಂಬಾ ನೋಡಿದ್ದೇನೆ. ಅದೊಂದನ್ನು ಬಿಟ್ಟೆ. ಅಲ್ಲಿ ಬಿಸಿಲು ಜಾಸ್ತಿ, ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಅಂತ." ನನ್ನ ಜೊತೆ ಮಾತಾಡುವಾಗ ಅವಳ ಬಾಯಿಗೆ ನಮ್ಮ ಕಡೆಯ ಮಾತು ತಾನಾಗಿ ಬರುತ್ತಿತ್ತು.

"ಅಲ್ಲ ಮಾರಾಯ್ತಿ, ಮಗನಿಗೆ ಬಾಯಿಬಿಟ್ಟು ಹೇಳ್ಲಿಕ್ಕೆ ಎಂತ ದಾಡಿ ನಿಂಗೆ? ಬರುದಿಲ್ಲ ಅಂದ್ರೆ ಬರುದಿಲ್ಲ."

"ಹೇಳಿದೆ. ಅವನು ನಗ್ತಾನೆ. ಒಬ್ಳೇ ಇದ್ದು ಏನ್ಮಾಡ್ತೀಯಮ್ಮ ಅಂತಾನೆ. ಬೈದಿದ್ರೆ ಜಗಳ ಆಡ್ಬಹುದಿತ್ತು. ಪ್ರೀತಿಯಿಂದ ಹೇಳ್ತಾನೆ ಅಕ್ಕ, ಅದಕ್ಕೆ ಎಂತ ಉತ್ತರ ಕೊಡುದು?" ಮೀನಿನ ಕಿವಿರು ಕಿತ್ತು ಪಕ್ಕಕ್ಕೆ ಹಾಕಿದಳು. "ಹಾಸ್ಟೆಲಲ್ಲಿ ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ಯಾರಾದ್ರೂ ಕರೀತಿದ್ರು. ಮಕ್ಕಳು, ವಾರ್ಡನ್ನು, ಹಾಲಿನವನು. ಬಂದೆ, ಬಂದೆ, ಬಂದೆ. ನಿದ್ದೆಯಲ್ಲೂ ಬಂದೆ ಅಂತಿದ್ದೆನಂತೆ. ಆ ರೂಮಿನ ಫೋಟೋ ನೋಡಿದೆಯಲ್ಲ? ಎರಡು ಮಂಚ. ಒಂದು ಇಂಚರಂದು. ಕೊಕ್ಕೆ ತೊಟ್ಟಿಲಿಗೆ. ಅದರಲ್ಲಿ ನನ್ನದು ಯಾವ್ದು ಹೇಳು."

"ಇಲ್ಲಿದ್ದು ಎಂತ ಮಾಡ್ತಿ?"

"ಎಂತದೂ ಇಲ್ಲ. ಒಂದು ಕೋಣೆ ಬಾಡಿಗೆಗೆ ಹಿಡೀತೇನೆ, ಪೆನ್ಶನ್ನು ಸಾಕು. ಹಸಿವಾದ್ರೆ ಒಂದಿಷ್ಟು ಗಂಜಿ. ಯಾರಾದ್ರೂ ಕರೆದ್ರೆ, ಹೋಗ್ಲಾ ಬೇಡ್ವಾ ಅಂತ ಮೊದಲು ಯೋಚನೆ ಮಾಡ್ತೇನೆ. ಆಮೇಲೆ ಹೋಗ್ತೇನೆ." ಕೈಯಲ್ಲಿದ್ದ ಬಂಗುಡೆಯನ್ನು ಕಲ್ಲಿನ ಮೇಲಿಟ್ಟು, "ಭಾವನಿಗೆ ಹೇಳ್ಬೇಡ ಅಕ್ಕ. ಯೋಗೀಶ ಬೇಸತ್ತು ಅವನೇ ಬಿಟ್ಟು ಹೋಗ್ಲಿ" ಎಂದಳು.

ನಾನು ಹೂಂ ಎಂದೆ. ಒಳಗೊಳಗೆ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ. ಇಷ್ಟು ವರ್ಷದ ಮೇಲೆ ತಂಗಿ ಹತ್ತಿರವೇ ಇರುತ್ತಾಳೆ, ಸಂಜೆ ಇಬ್ಬರೂ ದಡದಲ್ಲಿ ಕೂತು ಊರವರನ್ನು ಆಡಿಕೊಳ್ಳಬಹುದು ಎಂದು ಆಸೆಪಟ್ಟೆ. ಆ ಆಸೆ ಒಂದು ದಿನ ಬಾಳಿತು. ಮರುದಿನ ಸಂಜೆ ನಮ್ಮವರು ಕೊಡೆಯನ್ನು ತಂದು ಅಟ್ಟದ ಮೇಲೆ ಇಟ್ಟರು. ಇನ್ನು ನೆಂಟರು ಬಂದರೆ ಬೇರೆ ಯಾರಾದರೂ ತೋರಿಸಲಿ, ನನ್ನ ತಲೆಯನ್ನು ನಾನೇ ನಂಬುವ ಹಾಗಿಲ್ಲ ಎಂದರು. ಇಳಿದವರು ಏಣಿಯನ್ನೂ ಎತ್ತಿ ಹಿತ್ತಲಲ್ಲಿಟ್ಟರು. ನಾನು ನೋಡುತ್ತಾ ನಿಂತಿದ್ದೆ. ಈ ಮುದುಕನ ಜೀವ ಹಿಂಡಿ ನಾನು ಸುಖಪಡುವುದೇ, ಎಂದು ನನ್ನ ಮೇಲೆಯೇ ಹೇಸಿಗೆಯಾಯಿತು.

ನೇರ ಕುಸುಮನ ಹತ್ತಿರ ಹೋದೆ. ಅವಳು ಇಂಚರನಿಗೆ ಜಡೆ ಹಾಕುತ್ತಿದ್ದಳು. ಮಗುವನ್ನು ಹೊರಗೆ ಆಟಕ್ಕೆ ಕಳಿಸಿದೆ.

"ನೀನು ಇಲ್ಲಿ ಇರ್ಬೇಕು. ಅದು ನಂದೂ ಆಸೆ" ಎಂದೆ. "ಆದ್ರೆ ಕನ್ನಡಕದ ಹಿಂದೆ ಕೂತು ಇರ್ಲಿಕ್ಕೆ ಆಗುದಿಲ್ಲ. ನಾಳೆ ಬಸ್‌ಸ್ಟ್ಯಾಂಡಲ್ಲಿ ನೀನೇ ಹೇಳು. ನೀನು ಹೇಳದಿದ್ರೆ ನಾನು ಹೇಳ್ತೇನೆ. ನಾನು ಹೇಳಿದ್ರೆ ಚಂದ ಇರುದಿಲ್ಲ, ಗೊತ್ತುಂಟಲ್ಲ ನನ್ನ ಬಾಯಿ?"

"ಅವನ ಮುಖ ನೋಡಿದ್ರೆ ನಂಗೆ ಬಾಯಿ ಬರುದಿಲ್ಲ ಅಕ್ಕ."

"ಹಾಗಾದ್ರೆ ಹೋಗು, ಗುಲಾಬಿ ಗೋಡೆ ನೋಡಿಕೊಂಡು ತೊಟ್ಟಿಲು ತೂಗು. ನಡುವೆ ಬೇರೆ ದಾರಿ ಇಲ್ಲ."

ಕುಸುಮ ಬಹಳ ಹೊತ್ತು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ಬಿಡಿಸುತ್ತಾ ಕೂತಳು. ಕಡೆಗೆ "ನಾನೇ ಹೇಳ್ತೇನೆ" ಎಂದಳು. ಆ ಧ್ವನಿ ನನಗೆ ಗೊತ್ತು. ಗಂಡ ಸತ್ತ ವಾರದಲ್ಲಿ, ಯಾರ ಮನೆಯ ಮೂಲೆಯಲ್ಲೂ ಕೂರುವುದಿಲ್ಲ, ಕೆಲಸಕ್ಕೆ ಹೋಗುತ್ತೇನೆ ಎಂದದ್ದು ಅದೇ ಧ್ವನಿಯಲ್ಲಿ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದಾಗ ನಮ್ಮವರು ಬರಿಗೈಯಲ್ಲಿ ಹಿಂದೆ ಹಿಂದೆ ಬಂದರು. ಯೋಗೀಶ ಬ್ಯಾಗುಗಳನ್ನು ಏರಿಸಿ, "ಅಮ್ಮ, ಹತ್ತು. ಇವತ್ತಾದ್ರೂ ಹೊರಡುತ್ತೇನೋ ನೋಡೋಣ" ಎಂದ. ಕುಸುಮ ಅಲುಗಾಡಲಿಲ್ಲ.

"ನಾನು ಬರಲ್ಲ ಮಗಾ" ಎಂದಳು. ಮಗನ ಜೊತೆ ಅವಳ ಮಾತು ಘಟ್ಟದ ಮೇಲಿನದು. "ಭಾವ ಏನೂ ಮರೆತಿಲ್ಲ, ಎಲ್ಲಾ ತೋರಿಸಿದ್ದಾರೆ. ಉಪ್ಪಿನ ಗದ್ದೆಯಲ್ಲಿ ನಾನೇ ಕಣ್ಣು ಮುಚ್ಚಿಕೊಂಡಿದ್ದೆ. ಹೋದಾಗೆಲ್ಲ."

"ಯಾಕಮ್ಮ?"

"ನಿನ್ನ ಜೊತೆ ಬರಬಾರದು ಅಂತ."

ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಶಬ್ದ ಮಾಡಿದವರು ನಮ್ಮವರು. ಕಲ್ಲುಬೆಂಚಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು "ಹಾಗಾದ್ರೆ ಎಲ್ಲಾ ಉಂಟು. ಎಲ್ಲಾ ಇದರೊಳಗೇ ಉಂಟು" ಎಂದು ನಕ್ಕರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ "ನಿಂಗೆ ಗೊತ್ತಿತ್ತಾ?" ಎಂದರು. "ಮೊನ್ನೆಯಿಂದ" ಎಂದೆ. ಆಗ ಇವರು ನನ್ನನ್ನು ನೋಡಿದ ಆ ಒಂದು ನೋಟಕ್ಕೆ ನಾನು ಇನ್ನೂ ಬೆಲೆ ತೆರುತ್ತಿದ್ದೇನೆ.

ಚೈತ್ರನ ಮುಖ ಬಾಡಿಹೋಗಿತ್ತು. "ನಾವೇನು ತಪ್ಪು ಮಾಡಿದ್ವಿ ಅತ್ತೆ?"

"ಏನೂ ಮಾಡಿಲ್ಲ ಕಣಮ್ಮ. ಹೆರಿಗೆಗೆ ಬರ್ತೀನಿ, ಬಾಣಂತನ ಮಾಡ್ತೀನಿ. ಅದಾದ ಮೇಲೆ ವಾಪಸ್ಸು ಬರ್ತೀನಿ. ಇನ್ಮೇಲೆ ನಾನಿರೋದು ಇಲ್ಲಿ."

"ಅಷ್ಟು ಆಸೆಯಿಂದ ರೂಮು ಮಾಡಿದ್ನಲ್ಲಮ್ಮ" ಎಂದ ಯೋಗೀಶ.

"ರೂಮು ಚೆನ್ನಾಗಿದೆ. ಆದ್ರೆ ನೀನು ನನ್ನ ಒಂದು ಮಾತು ಕೇಳ್ಲಿಲ್ಲ."

ಅವನಿಗೆ ಸಿಟ್ಟು ಬಂತು. ಬರಬೇಕಾದದ್ದೇ. ಅಮ್ಮನ ಬ್ಯಾಗನ್ನು ಇಳಿಸಿ ನನ್ನ ಕಾಲಬುಡದಲ್ಲಿ ಇಟ್ಟ. "ಆಯ್ತು, ಇರು" ಎಂದ. ಹೆಂಡತಿ ಮಗುವನ್ನು ಹತ್ತಿಸಿ, ತಾನೂ ಹತ್ತಿ, ಆ ಬದಿಯ ಕಿಟಕಿಯ ಹತ್ತಿರ ನಮಗೆ ಬೆನ್ನು ಹಾಕಿ ಕೂತ. ಕುಸುಮ ನನ್ನ ಕೈ ಹಿಡಿದಳು. ಆದರೆ ಅವನನ್ನು ಕರೆದು ನಿಲ್ಲಿಸಲಿಲ್ಲ.

ಲಿಗೋರಿ ಕೀಲಿ ತಿರುಗಿಸಿದ. ಎಂಜಿನ್ ಗರ್ ಎಂದು ಸುಮ್ಮನಾಯಿತು.

"ಇದೆಂತ ಮಾರಾಯ್ರೆ, ಆ ಅಮ್ಮ ಇಳಿದಾಯ್ತಲ್ಲ?" ಎಂದು ಅವನು ಇಣುಕಿದ. ಮತ್ತೆ ಇಳಿಸುವ ಕ್ರಮ. ಚೈತ್ರ ಮತ್ತು ಮಗು ಇಳಿದರೂ ಬಸ್ಸು ಹಂದಲಿಲ್ಲ. ಯೋಗೀಶ ಗೊಣಗುತ್ತಾ ಇಳಿದದ್ದೇ ಸ್ಟಾರ್ಟ್ ಆಯಿತು. ಅವನು ಹತ್ತಿದರೆ ನಿಂತಿತು.

"ನಾನು ಎಲ್ಲಾ ನೋಡಿದ್ದೀನಿ! ಕಣ್ಣು ಬಿಟ್ಕೊಂಡೇ ನೋಡಿದ್ದೀನಿ!" ಎಂದು ಕೂಗಾಡಿದ.

ಇಷ್ಟು ದಿನ ಬಸ್ಸು ಕುಸುಮ ಒಬ್ಬಳಿಗೇ ನಿಲ್ಲುತ್ತಿತ್ತು, ಇವನಿಗೆ ಯಾವತ್ತೂ ನಿಂತದ್ದಿಲ್ಲ. ನಮ್ಮವರು ಬೆಂಚಿನಿಂದ ಎದ್ದರು. ಹಲವು ದಿನಗಳ ಮೇಲೆ ಬೆನ್ನು ನೆಟ್ಟಗಾಗಿತ್ತು. "ನಿನ್ನೆಯಿಂದ ಇವತ್ತಿಗೆ ಊರಿಗೆ ಹೊಸತು ಎಂತ ಬಂದಿದೆ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಪುರಸಭೆಯವರು ಒಂದು ಕಲ್ಲೂ ಇಟ್ಟಿರಲಿಲ್ಲ. ನಮ್ಮವರ ಕಣ್ಣು ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಹಾಕಿ ಕುಸುಮನ ಮೇಲೆ ನಿಂತಿತು. ನನಗೂ ಆಗಲೇ ಹೊಳೆದದ್ದು. ಇನ್ನು ನಾನಿರೋದು ಇಲ್ಲಿ ಎಂದು ಅವಳು ಈಗಷ್ಟೇ ಹೇಳಿದ್ದಳು, ಅಂದರೆ ಊರಿಗೆ ಹೊಸತಾಗಿ ಬಂದದ್ದು ಅವಳೇ, ಅವಳನ್ನು ನೋಡದೆ ಬೆನ್ನು ಹಾಕಿ ಕೂತವನು ಇವನೊಬ್ಬನೇ.

ನಮ್ಮವರು ಯೋಗೀಶನ ಮೊಣಕೈ ಹಿಡಿದು, ನೆಂಟರನ್ನು ಕರೆದುಕೊಂಡು ಹೋಗುವ ಹಾಗೆಯೇ ಕರೆದುಕೊಂಡು ಬಂದು, ಅವನ ಅಮ್ಮನ ಎದುರು ನಿಲ್ಲಿಸಿದರು. "ಕನ್ನಡಕ ತೆಗಿ ಕುಸುಮಾ" ಎಂದರು. ಕುಸುಮ ತೆಗೆದಳು. ಯಾವ ಕತೆಯನ್ನೂ ಇವರು ಹೇಳಲಿಲ್ಲ.

"ಕಂಡಿತಾ?"

"ಕಂಡಿತು ದೊಡ್ಡಪ್ಪ" ಎಂದ ಯೋಗೀಶ, ತಲೆ ಎತ್ತದೆ.

ಲಿಗೋರಿ ಅವನನ್ನು ಹತ್ತಲು ಹೇಳಿ ಕೀಲಿ ತಿರುಗಿಸಿದ. ಆಗಲಿಲ್ಲ. ಯೋಗೀಶ ಮತ್ತೆ ಇಳಿದು ಬಂದ. ಈ ಸಲ ನಮ್ಮವರು ಕೇಳಲೂ ಇಲ್ಲ, ಸುಮ್ಮನೆ ಪಕ್ಕಕ್ಕೆ ಸರಿದು ನಿಂತರು.

ಹುಡುಗ ತಲೆ ಎತ್ತಿದ. ಬಿಸಿಲಿಗೆ ಕುಸುಮನ ಕಣ್ಣಲ್ಲಿ ನೀರು ತುಂಬಿತ್ತು, ಆಪರೇಷನ್ ಆದ ಕಣ್ಣು ಇನ್ನೂ ಸ್ವಲ್ಪ ಕೆಂಪಾಗಿತ್ತು. ಅವನು ಬಹಳ ಹತ್ತಿರ ಬಂದು ನೋಡಿದ. ನೋಡುತ್ತಾ ನೋಡುತ್ತಾ ಅವನ ಹುಬ್ಬು ಗಂಟಾಯಿತು. ಬೆರಳಿನಿಂದ ಅವಳ ಎಡಗಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಹತ್ತಿರ ಮುಟ್ಟಿದ. ಅಲ್ಲಿ ಅಕ್ಕಿಕಾಳುಗಳ ಹಾಗೆ ಚದುರಿದ ಬಿಳಿ ಕಲೆಗಳಿದ್ದವು.

"ಇದೇನಮ್ಮ?"

"ಎಣ್ಣೆ ಸಿಡಿದದ್ದು. ಪೂರಿ ಕರಿಯೋವಾಗ."

"ಯಾವಾಗ?"

"ನೀನು ಕಾಲೇಜಿಗೆ ಸೇರಿದ ವರ್ಷ. ಹಳೇದು ಬಿಡು."

"ನಾನು ನೋಡೇ ಇಲ್ವಲ್ಲಮ್ಮ" ಎಂದ. ಅವನ ದನಿ ಚಿಕ್ಕ ಹುಡುಗನದಾಗಿತ್ತು. ಅವಳ ಎರಡೂ ಕೈ ಹಿಡಿದು ತಿರುವಿದ, ಮೊಣಕೈಯವರೆಗೆ ನೋಡಿದ, ಮತ್ತೆ ಮುಖ ನೋಡಿದ. ಕುಸುಮ ನಾಚಿದಳು. ಅಷ್ಟು ಹೊತ್ತು ಅವಳನ್ನು ಯಾರೂ ನೋಡಿದ್ದಿಲ್ಲ ಎಂದು ಕಾಣುತ್ತದೆ. ಆದರೂ ಅವಳು ಮುಖ ತಿರುಗಿಸಲಿಲ್ಲ.

ಇಂಚರ ಬಸ್ಸಿನ ಮೆಟ್ಟಿಲಿನಿಂದ "ಅಜ್ಜಿ, ಬಾ" ಎಂದು ಕರೆದಳು. ಕುಸುಮನ ತುಟಿ ಅಲುಗಿತು. ಬಂದೆ ಎನ್ನುವ ಮಾತು ಬರಲಿಲ್ಲ. ಕೈ ಎತ್ತಿ, ತಡಿ ಪುಟ್ಟಿ, ಎಂದು ಸನ್ನೆ ಮಾಡಿದಳು.

ಯಾರೂ ಮುಟ್ಟದೆ ಬಸ್ಸಿನ ಎಂಜಿನ್ ತಾನಾಗಿ ಸ್ಟಾರ್ಟ್ ಆಯಿತು. ಕಿಟಕಿಯ ಗಾಜುಗಳು ನಡುಗಿದವು. ಲಿಗೋರಿ ಹಾರ್ನ್ ಒತ್ತಿ "ಬನ್ನಿ ಬನ್ನಿ, ಆಯ್ತು, ಇನ್ನು ಹೊರಡುವಾ!" ಎಂದು ಕೂಗಿದ.

"ಸ್ವಲ್ಪ ತಡೀರಿ" ಎಂದ ಯೋಗೀಶ, ಅವಳ ಮುಖದಿಂದ ಕಣ್ಣು ಕೀಳದೆ. "ನಾನಿನ್ನೂ ನೋಡ್ತಾ ಇದ್ದೀನಿ."

ಲಿಗೋರಿ ನಮ್ಮವರ ಕಡೆ ನೋಡಿದ. ನಮ್ಮವರು ತಲೆಯಾಡಿಸಿದರು. ಅವನು ಎಂಜಿನ್ ಆಫ್ ಮಾಡಿ, ಕೆಳಗಿಳಿದು, ಬೀಡಿ ಹಚ್ಚಿಕೊಂಡ.